ನಕ್ಷತ್ರಗಳ ಕೆಳಗೆ ಸಣ್ಣ ದೀಪ: ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ರಾತ್ರಿಯ ಆಕಾಶವನ್ನು ಸೆರೆಹಿಡಿಯುವ ಬಗೆ

ಆಕಾಶಗಂಗೆಯ ಛಾಯಾಚಿತ್ರ ತೆಗೆಯುವುದನ್ನು ಈಗ ನಮ್ಮಲ್ಲಿ ಬಹಳ ಮಂದಿ ಕಲಿತಿದ್ದಾರೆ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಆಕಾಶ ತುಂಬ ಚುಕ್ಕಿಗಳಿದ್ದು ನೆಲವೆಲ್ಲ ಬರೀ ಕಪ್ಪಾಗಿರುತ್ತದೆ, ಇಲ್ಲವೇ ಟಾರ್ಚು ಬೀಸಿ ಬೆಳಗಿಸಿದ ಮರವೋ ಗೋಡೆಯೋ ಆಕಾಶಕ್ಕೆ ಸಂಬಂಧವೇ ಇಲ್ಲದಂತೆ ಥಳಥಳಿಸುತ್ತಿರುತ್ತದೆ. ಈ ಎರಡರ ನಡುವೆ ಒಂದು ಒಳ್ಳೆಯ ದಾರಿಯಿದೆ. ಬಹಳ ಮಂದವಾದ ಒಂದೆರಡು ದೀಪಗಳನ್ನು ದೂರದಲ್ಲಿ ಇರಿಸಿ, ಶಟರ್ ತೆರೆದಿರುವಷ್ಟು ಹೊತ್ತೂ ಅವು ಅಲುಗದೆ ಬೆಳಗುವಂತೆ ಮಾಡಿ, ನೆಲವನ್ನೂ ಆಕಾಶವನ್ನೂ ಶಟರ್ ಒಮ್ಮೆ ತೆರೆದು ಮುಚ್ಚುವಷ್ಟರಲ್ಲಿ, ಅಂದರೆ ಒಂದೇ ಎಕ್ಸ್‌ಪೋಷರಿನಲ್ಲಿ ಪಡೆಯುವುದೇ ಆ ದಾರಿ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿ ಕಲ್ಲಿನ ಕಮಾನುಗಳ ಚಿತ್ರ ತೆಗೆಯುವವರ ನಡುವೆ ಇದು ಹೆಚ್ಚು ಬಳಕೆಗೆ ಬಂದಿತು. ನಮ್ಮ ಸೀಮೆಯ ಕೆರೆ ಏರಿಗೂ ಕಾಫಿ ಕಣಕ್ಕೂ ಹೊಲದ ಒಂಟಿ ಮರಕ್ಕೂ ಅದು ಅಷ್ಟೇ ಚೆನ್ನಾಗಿ ಒಗ್ಗುತ್ತದೆ.

ಟಾರ್ಚು ಬೀಸುವುದಕ್ಕಿಂತ ಇದು ಮೇಲೆಂದು ನಾನು ಹೇಳಲು ಕಾರಣವಿದೆ. ಕೈಯಲ್ಲಿ ಬೀಸಿದ ಬೆಳಕು ಪ್ರತಿ ಸಲವೂ ಬೇರೆಯಾಗಿ ಬೀಳುವುದರಿಂದ ಒಂದು ಚಿತ್ರದಂತೆ ಇನ್ನೊಂದು ಬರುವುದಿಲ್ಲ. ಇಟ್ಟ ದೀಪ ಮಾತ್ರ ಇಟ್ಟಲ್ಲಿಯೇ ಇರುತ್ತದೆ. ಆದ್ದರಿಂದ ಒಂದೇ ನೋಟವನ್ನು ಹತ್ತು ಸಲ ತೆಗೆದು ಒಂದರ ಮೇಲೊಂದು ಸೇರಿಸಬಹುದು, ಐದಾರು ಚಿತ್ರಗಳನ್ನು ಅಕ್ಕಪಕ್ಕ ಜೋಡಿಸಿ ವಿಶಾಲ ನೋಟ ಮಾಡಬಹುದು, ಜೊತೆಗೆ ಬಂದ ಗೆಳೆಯರೆಲ್ಲ ತಮ್ಮ ತಮ್ಮ ಕ್ಯಾಮೆರಾದಲ್ಲಿ ಏಕಕಾಲಕ್ಕೆ ಚಿತ್ರ ತೆಗೆಯಬಹುದು.

ಸಣ್ಣ ಬೆಳಕು ಎಂದರೆ ಎಷ್ಟು ಸಣ್ಣದು

ಇಡೀ ಕೆಲಸದ ಮರ್ಮವಿರುವುದು ಈ ಪ್ರಶ್ನೆಯಲ್ಲಿ. ಹುಣ್ಣಿಮೆಯ ಚಂದ್ರ ನೆತ್ತಿಯ ಮೇಲಿರುವಾಗ ನೆಲಕ್ಕೆ ಬೀಳುವ ಬೆಳಕು ಸುಮಾರು ಕಾಲು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಚಂದ್ರನಿಲ್ಲದ ಶುಭ್ರ ರಾತ್ರಿಯಲ್ಲಿ ನಕ್ಷತ್ರಗಳೂ ವಾಯುಮಂಡಲದ ಸಹಜ ಹೊಳಪೂ ಸೇರಿ ಕೊಡುವುದು ಒಂದು ಲಕ್ಸ್‌ನ ಸಾವಿರದಲ್ಲೊಂದು ಭಾಗದ ಆಸುಪಾಸು ಮಾತ್ರ. ಒಂದು ಮೇಣದ ಬತ್ತಿ ಒಂದು ಮೀಟರ್ ಆಚೆಯ ಗೋಡೆಯ ಮೇಲೆ ಸುಮಾರು ಒಂದು ಲಕ್ಸ್ ಬೆಳಕು ಚೆಲ್ಲುತ್ತದೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಹತ್ತು ಮಡಿಯಾದರೆ ನೂರನೇ ಒಂದು ಭಾಗಕ್ಕೆ. ಈ ಲೆಕ್ಕದಂತೆ 30 ಮೀಟರ್ ದೂರದಲ್ಲಿ ಉರಿಯುವ ಒಂದೇ ಒಂದು ಬತ್ತಿಯ ಬೆಳಕು, ಆಕಾಶದ ಅಷ್ಟೂ ನಕ್ಷತ್ರಗಳು ಕೂಡಿ ಕೊಡುವ ಬೆಳಕಿಗೆ ಹೆಚ್ಚುಕಡಿಮೆ ಸಮ.

ನೆಲಕ್ಕೆ ನಕ್ಷತ್ರಗಳಷ್ಟೇ ಬೆಳಕು ಕೊಟ್ಟರೆ ಸಾಲದು. ಹುಲ್ಲು, ಮಣ್ಣು, ಹಳೆಯ ಗೋಡೆ ಇವೆಲ್ಲ ತಮ್ಮ ಮೇಲೆ ಬಿದ್ದ ಬೆಳಕಿನ ಸ್ವಲ್ಪ ಪಾಲನ್ನಷ್ಟೇ ಹಿಂದಕ್ಕೆ ಕಳಿಸುವುದರಿಂದ ಚಿತ್ರದಲ್ಲಿ ನೆಲ ಆಕಾಶಕ್ಕಿಂತ ಬಹಳ ಕಪ್ಪಾಗಿಯೇ ಉಳಿಯುತ್ತದೆ. ನಕ್ಷತ್ರದ ಬೆಳಕಿನ ಎರಡರಿಂದ ನಾಲ್ಕರಷ್ಟು ಬೆಳಕು ಬಿದ್ದರೆ ನೆಲ ಕಣ್ಣಿಗೆ ತೋರುತ್ತದೆ, ಆದರೂ ರಾತ್ರಿಯಾಗಿಯೇ ಇರುತ್ತದೆ. ಅಂದರೆ 15ರಿಂದ 20 ಮೀಟರ್ ದೂರದಲ್ಲಿ ಒಂದು ಹಣತೆ. ಅದಕ್ಕಿಂತ ಹೆಚ್ಚಿನ ಬೆಳಕು ಬೇಕಾಗುವ ಸಂದರ್ಭ ಕಡಿಮೆ.

ಈಗ ಇನ್ನೊಂದು ಬದಿಯಿಂದ ನೋಡೋಣ. ಮನೆಯ ಜಗಲಿಯಲ್ಲಿ ಹಾಕುವ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 800 ಲ್ಯೂಮೆನ್ (ದೀಪ ಒಟ್ಟು ಚೆಲ್ಲುವ ಬೆಳಕಿನ ಅಳತೆ) ಬೆಳಕು ಕೊಡುತ್ತದೆ, ಮೇಣದ ಬತ್ತಿಯದು 12 ಲ್ಯೂಮೆನ್ನಿನಷ್ಟು. ಒಂದು ಬಲ್ಬು ಅರವತ್ತಕ್ಕೂ ಹೆಚ್ಚು ಬತ್ತಿಗಳಿಗೆ ಸಮವಾದ್ದರಿಂದ, ಅದರ ಬೆಳಕು ನಕ್ಷತ್ರದ ಬೆಳಕಿನ ಮಟ್ಟಕ್ಕೆ ಇಳಿಯಬೇಕಾದರೆ ನಾವು ಕಾಲು ಕಿಲೋಮೀಟರ್ ಆಚೆ ನಿಲ್ಲಬೇಕು. ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ ಉರಿಯುವ ಒಂದು ಬಲ್ಬು ಎದುರಿನ ಸಿಲ್ವರ್ ಓಕ್ ಸಾಲನ್ನೆಲ್ಲ ಬಿಳಿಚಿಸುವುದು ಇದರಿಂದಲೇ. ಅಂಥ ಬಲ್ಬು ಚೌಕಟ್ಟಿನ ಒಳಗೆ ಬೇಡ, ಆದರೆ ಮರೆಯಲ್ಲಿ, ಸರಿಯಾದ ದೂರದಲ್ಲಿ ಇದ್ದರೆ ಅದೇ ನಮ್ಮ ದೀಪವಾಗಬಲ್ಲದು. ಜಾಗ ನೋಡಲು ಹೋದಾಗ ಸುತ್ತ ಯಾವ ದೀಪಗಳು ಎಷ್ಟು ಹೊತ್ತಿನವರೆಗೆ ಉರಿಯುತ್ತವೆ ಎಂದು ವಿಚಾರಿಸಿಕೊಳ್ಳಬೇಕು.

ದೀಪಗಳ ಆಯ್ಕೆ ಮತ್ತು ಜೋಡಣೆ

ಬೆಳಕನ್ನು ಏರಿಸಿ ಇಳಿಸಲು, ಬಣ್ಣದ ಉಷ್ಣತೆಯನ್ನು ಬದಲಿಸಲು ಬರುವ ಅಂಗೈಯಗಲದ ಎಲ್‌ಇಡಿ ಪ್ಯಾನೆಲ್ ಈ ಕೆಲಸಕ್ಕೆ ಅತ್ಯಂತ ಅನುಕೂಲ. ಆದರೆ ಅದನ್ನು ಕನಿಷ್ಠಕ್ಕೆ ಇಳಿಸಿದಾಗಲೂ ಬೆಳಕು ಹೆಚ್ಚೇ ಇರುತ್ತದೆ. ಮೇಲೆ ಬಟರ್ ಪೇಪರಿನ ಎರಡು ಮೂರು ಪದರ ಸುತ್ತಿ, ಸಾಲದಿದ್ದರೆ ಬಿಳಿ ಪಂಚೆಯ ತುಂಡು ಕಟ್ಟಿ ಬೆಳಕನ್ನು ಇನ್ನಷ್ಟು ಮಂದ ಮಾಡಬೇಕು. ಪ್ಯಾನೆಲ್ ಇಲ್ಲದವರು ರೀಚಾರ್ಜ್ ಮಾಡುವ ಲಾಟೀನನ್ನು ಇದೇ ರೀತಿ ಮುಸುಕಬಹುದು. ನಿಜವಾದ ಬೆಂಕಿಯ ದೀಪವನ್ನು ಬೇಸಿಗೆಯಲ್ಲಿ ಬಯಲಿಗೆ ಒಯ್ಯಲೇಬಾರದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಹಣತೆಯೇ ಬೇಕೆನಿಸಿದರೆ ಅಂಗಳ ಅಥವಾ ಸಿಮೆಂಟಿನ ಕಣದಲ್ಲಿ, ಗಾಳಿಯಿಲ್ಲದಾಗ, ಪಕ್ಕದಲ್ಲಿ ನೀರಿಟ್ಟುಕೊಂಡು ಹಚ್ಚಬಹುದು.

ಬಣ್ಣದ ವಿಷಯದಲ್ಲಿ ನನ್ನ ಒಲವು 3000ದಿಂದ 3500 ಕೆಲ್ವಿನ್ ನಡುವಿನ ಬೆಳಕಿಗೆ. ಕೆಲ್ವಿನ್ ಬಣ್ಣದ ಉಷ್ಣತೆಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕಿತ್ತಳೆಯತ್ತ, ಹೆಚ್ಚಾದಷ್ಟೂ ನೀಲಿಯತ್ತ ಸರಿಯುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಣ್ಣಗಳ ಹೊಂದಿಕೆಯನ್ನು) 4000ಕ್ಕೆ ಇಟ್ಟಾಗ ಆಕಾಶ ತಣ್ಣಗಿನ ನೀಲಿ ಬೂದು ಬಣ್ಣದಲ್ಲಿ, ನೆಲ ತುಸು ಬೆಚ್ಚಗೆ ಬರುತ್ತದೆ. ಹಣತೆಯ ಬೆಳಕು 1900 ಕೆಲ್ವಿನ್ ಆಸುಪಾಸಿನದಾದ್ದರಿಂದ ಅದೇ ಹೊಂದಿಕೆಯಲ್ಲಿ ಗಾಢ ಕಿತ್ತಳೆಯಾಗಿ ಕಾಣುತ್ತದೆ, ಅದು ಮನೆಯ ಬಾಗಿಲಿಗೆ ಒಪ್ಪುತ್ತದೆಯೇ ಹೊರತು ಮರದ ಎಲೆಗಳಿಗೆ ಒಪ್ಪುವುದಿಲ್ಲ. ಬಿಳಿ ಟಾರ್ಚಿನ 6500 ಕೆಲ್ವಿನ್ ಬೆಳಕಿನಲ್ಲಿ ಹಸಿರು ಎಲೆಗಳು ಸತ್ತಂತೆ ಕಾಣುತ್ತವೆ.

ದೀಪವನ್ನು ಕ್ಯಾಮೆರಾದ ಬಳಿ ಇಡಬೇಡಿ. ಕ್ಯಾಮೆರಾ ನೋಡುವ ದಿಕ್ಕಿಗೆ 45ರಿಂದ 80 ಡಿಗ್ರಿ ಓರೆಯಲ್ಲಿ, ವಸ್ತುವಿನಿಂದ ಹತ್ತಾರು ಮೀಟರ್ ದೂರದಲ್ಲಿ, ಸಾಧ್ಯವಾದರೆ ಆಳೆತ್ತರದ ಸ್ಟ್ಯಾಂಡಿನ ಮೇಲೆ ಅದು ಇರಬೇಕು. ಹೇಮಾವತಿ ಹಿನ್ನೀರಿನ ದಡದಲ್ಲಿರುವ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಗೋಡೆಗಳ ಗಾರೆ ಅಲ್ಲಲ್ಲಿ ಕಿತ್ತು ಇಟ್ಟಿಗೆಯ ಸಾಲುಗಳು ಹೊರಗೆ ಕಾಣುತ್ತವೆ. ಎದುರಿನಿಂದ ಬೆಳಕು ಬಿಟ್ಟರೆ ಗಾರೆ ಯಾವುದು ಇಟ್ಟಿಗೆ ಯಾವುದು ತಿಳಿಯದೆ ಗೋಡೆಯೆಲ್ಲ ಒಂದೇ ಹಾಳೆಯಾಗುತ್ತದೆ. ಪಕ್ಕದಿಂದ ಬಿಟ್ಟರೆ ಪ್ರತಿ ಇಟ್ಟಿಗೆಯ ಅಂಚಿನಲ್ಲೂ ಕೂದಲೆಳೆಯ ನೆರಳು ಮೂಡಿ, ಗಾರೆ ಎಷ್ಟು ದಪ್ಪಗಿತ್ತು ಎಂಬುದೂ ತೋರುತ್ತದೆ. ಕಮಾನುಗಳ ಒಳಭಾಗಕ್ಕೆ ಬೆಳಕು ಬೇಕೆನಿಸಿದಾಗ ಎರಡನೆಯ ದೀಪವನ್ನು ಮೊದಲನೆಯದರ ಕಾಲು ಪಾಲಿನಷ್ಟು ಮಂದವಾಗಿ ಎದುರು ಬದಿಯಲ್ಲಿ ಇಡಬಹುದು, ಅದಕ್ಕೆ ಅದೇ ಬಗೆಯ ದೀಪವನ್ನು ಎರಡರಷ್ಟು ದೂರದಲ್ಲಿಟ್ಟರೆ ಆಯಿತು. ಮೂರನೆಯ ದೀಪ ತಂದವರ ಚಿತ್ರಗಳಲ್ಲಿ ನೆರಳುಗಳು ಒಂದನ್ನೊಂದು ಅಳಿಸಿ ಆಳವೇ ಹೋಗುವುದನ್ನು ಕಂಡಿದ್ದೇನೆ.

ಕಾಫಿ ಕಣದ ಕತೆ ಬೇರೆ. ಕೊಯ್ಲಿನ ದಿನಗಳಲ್ಲಿ ಸಂಜೆಯಾಗುತ್ತಲೇ ಕಾಫಿಯನ್ನು ರಾಶಿ ಮಾಡಿ ಇಬ್ಬನಿ ಬೀಳದಂತೆ ಟಾರ್ಪಾಲು ಹೊದಿಸುತ್ತಾರೆ. ಆ ನೀಲಿ ಟಾರ್ಪಾಲು ಎಷ್ಟು ಮಂದ ಬೆಳಕಿದ್ದರೂ ಮಿರುಗುವುದರಿಂದ ಕ್ಯಾಮೆರಾವನ್ನು ಅದು ಕಾಣದ ಕೋನದಲ್ಲಿ ನಿಲ್ಲಿಸಬೇಕು, ಅಥವಾ ದೀಪವನ್ನು ಕಣದ ಮೋಟುಗೋಡೆಯ ಹಿಂದೆ ಇಳಿಸಿ ಮರಗಳ ಮೇಲಷ್ಟೇ ಬೀಳುವಂತೆ ಮಾಡಬೇಕು. ಕೆರೆಯ ಬದಿಯಲ್ಲಿ ದೀಪವನ್ನು ನೀರಿಗೆ ಹತ್ತಿರ ಇಟ್ಟರೆ ಅದರ ಪ್ರತಿಬಿಂಬ ನೀರಿನಲ್ಲಿ ಉದ್ದಕ್ಕೆ ಗೀಟೆಳೆಯುತ್ತದೆ, ಆದ್ದರಿಂದ ಏರಿಯ ಹಿಂಬದಿಯ ಮರೆಯೇ ಒಳ್ಳೆಯದು.

ಯಾವಾಗ, ಯಾವ ದಿಕ್ಕಿಗೆ

ನಮ್ಮ ಜಿಲ್ಲೆಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಧ್ರುವನಕ್ಷತ್ರ ಉತ್ತರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ, ಬೆಟ್ಟ ಅಡ್ಡ ಬಂದರೆ ಕಾಣುವುದೇ ಇಲ್ಲ. ದಕ್ಷಿಣದ ಆಕಾಶ ಮಾತ್ರ ನಮಗೆ ಧಾರಾಳವಾಗಿ ಸಿಕ್ಕಿದೆ. ಮೂಲಾ ನಕ್ಷತ್ರದ ಹತ್ತಿರ, ಧನು ರಾಶಿಯಲ್ಲಿರುವ ಆಕಾಶಗಂಗೆಯ ಕೇಂದ್ರಭಾಗ ಇಲ್ಲಿ ದಕ್ಷಿಣಕ್ಕೆ ಬಂದಾಗ ಸುಮಾರು 48 ಡಿಗ್ರಿ ಎತ್ತರಕ್ಕೇರುತ್ತದೆ. ಯುರೋಪಿನ ಬಹುಭಾಗದಲ್ಲಿ ಅದು ದಿಗಂತದ ಮಬ್ಬಿನಿಂದ ಮೇಲೇಳುವುದೇ ಕಷ್ಟ. ಏಪ್ರಿಲ್, ಮೇ ರಾತ್ರಿಗಳಲ್ಲಿ ತ್ರಿಶಂಕು ನಕ್ಷತ್ರಪುಂಜವೂ ದಕ್ಷಿಣದಲ್ಲಿ 17 ಡಿಗ್ರಿಯಷ್ಟು ಎತ್ತರದಲ್ಲಿ ನೆಟ್ಟಗೆ ನಿಲ್ಲುತ್ತದೆ.

ಮುಂಗಾರಿನ ನಾಲ್ಕು ತಿಂಗಳು ಮಲೆನಾಡಿನಲ್ಲಿ ಈ ಕೆಲಸವಿಲ್ಲ. ಉಳಿದ ಕಾಲದಲ್ಲಿ ಎರಡು ಹೊತ್ತುಗಳನ್ನು ನೆಚ್ಚಿಕೊಳ್ಳಬಹುದು. ಯುಗಾದಿಯ ಹಿಂದಿನ ಅಮಾವಾಸ್ಯೆಯ ಸುಮಾರಿಗೆ, ಅಂದರೆ ಮಾರ್ಚ್ ಕೊನೆಯ ವಾರಗಳಲ್ಲಿ, ಆಕಾಶಗಂಗೆಯ ಕೇಂದ್ರ ನಡುರಾತ್ರಿ ಒಂದರ ಹೊತ್ತಿಗೆ ಆಗ್ನೇಯದಲ್ಲಿ ಮೂಡಿ ನಾಲ್ಕೂವರೆಯ ಹೊತ್ತಿಗೆ 40 ಡಿಗ್ರಿ ಮೇಲೇರಿರುತ್ತದೆ. ಐದು ದಾಟಿದರೆ ಬೆಳಗಿನ ಬೆಳಕು ಒಳನುಗ್ಗುತ್ತದೆ. ಇನ್ನೊಂದು ಹೊತ್ತು ಅಕ್ಟೋಬರ್ ಕೊನೆಯದು. ಆಗ ಸಂಜೆ ಏಳೂಕಾಲರಿಂದ ಒಂದೂವರೆ ಗಂಟೆಯಷ್ಟು ಕಾಲ ಅದೇ ಭಾಗ ನೈರುತ್ಯದಲ್ಲಿ ಇಳಿಯುತ್ತ ಕಾಣುತ್ತದೆ, ಮಳೆ ತೊಳೆದ ಗಾಳಿಯಲ್ಲಿ ಧೂಳೂ ಇರುವುದಿಲ್ಲ. ದೀಪಾವಳಿಯ ಅಮಾವಾಸ್ಯೆ ಲೆಕ್ಕಕ್ಕೆ ಸರಿಯಾದರೂ ಪಟಾಕಿಯ ಹೊಗೆಯಿಂದಾಗಿ ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಹೋಗುವುದು ಜಾಣತನ. ಗೋಡೆಯ ಪಂಚಾಂಗ ಕ್ಯಾಲೆಂಡರೊಂದಿದ್ದರೆ ಕೃಷ್ಣಪಕ್ಷದ ಈ ದಿನಗಳನ್ನು ಆರು ತಿಂಗಳು ಮೊದಲೇ ಗುರುತು ಹಾಕಿಕೊಳ್ಳಬಹುದು.

ಡಿಸೆಂಬರ್, ಜನವರಿಯಲ್ಲಿ ಕೇಂದ್ರಭಾಗ ಕಾಣುವುದಿಲ್ಲ. ಕೃತ್ತಿಕೆ, ಲುಬ್ಧಕ, ದಕ್ಷಿಣದಲ್ಲಿ ಅಗಸ್ತ್ಯ ಇರುತ್ತವೆ. ಕಣಿವೆಯಲ್ಲಿ ಕಾವಳ ಕಟ್ಟುವ ಮೊದಲೇ ಕೆಲಸ ಮುಗಿಸಬೇಕು.

ಜಾಗ, ಅನುಮತಿ, ಆನೆ

ಪೇಟೆಯ ಬೆಳಕು ನಮ್ಮ ಬೆನ್ನ ಹಿಂದೆ ಇರಬೇಕೆಂಬುದು ಜಾಗ ಆರಿಸುವ ಮೊದಲ ನಿಯಮ. ಶೆಟ್ಟಿಹಳ್ಳಿಗೆ ಹಾಸನದ ಪ್ರಭೆ ಈಶಾನ್ಯದ ಕಡೆಯಿಂದ ಬರುತ್ತದೆ, ಹಾಗಾಗಿ ದಕ್ಷಿಣದ ಆಕಾಶ ಉಳಿದುಕೊಂಡಿದೆ. ಮಳೆಗಾಲದಲ್ಲಿ ಹಿನ್ನೀರು ಆ ಕಟ್ಟಡವನ್ನು ಸುತ್ತುವರಿಯುತ್ತದೆ, ಬೇಸಿಗೆಯಲ್ಲಿ ಕಾಲುನಡಿಗೆಯಲ್ಲಿ ಹತ್ತಿರ ಹೋಗಬಹುದು. ಗೋಡೆಗಳು ಶಿಥಿಲವಾಗಿರುವುದರಿಂದ ಕತ್ತಲಲ್ಲಿ ಒಳಹೊಕ್ಕು ದೀಪ ಇಡುವ ಸಾಹಸ ಬೇಡ. ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯಲ್ಲಿ ವಿಸ್ತಾರವಾದ ನೀರೂ ಹಿಂದೆ ಗುಡ್ಡವೂ ಇವೆ. ಬೇಲೂರು, ಹಳೇಬೀಡಿನಂಥ ಸಂರಕ್ಷಿತ ದೇವಾಲಯಗಳ ಆವರಣದಲ್ಲಿ ಟ್ರೈಪಾಡ್ ನಿಲ್ಲಿಸುವುದಕ್ಕೂ ರಾತ್ರಿ ಉಳಿಯುವುದಕ್ಕೂ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿಯೂ ಕತ್ತಲಾದ ಮೇಲೆ ಇರಬೇಕಾದರೆ ಇಲಾಖೆಗಳನ್ನು ಕೇಳಿಯೇ ಹೋಗಬೇಕು. ಇವೆಲ್ಲಕ್ಕಿಂತ ಸುಲಭವಾದದ್ದು ಪರಿಚಯದವರ ತೋಟ, ಕಣ, ಹೊಲ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ರಾಗಿ ಹುಲ್ಲಿನ ಬಣವೆಯೊಂದು ಪಕ್ಕದ ಬೆಳಕಿನಲ್ಲಿ ಎಷ್ಟು ಚೆಂದ ಬರುತ್ತದೆ ಎಂದರೆ, ಪ್ರಸಿದ್ಧ ಸ್ಥಳಗಳ ಹಿಂದೆ ಬೀಳುವುದು ಬೇಕಿಲ್ಲ ಎನಿಸುತ್ತದೆ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ರಾತ್ರಿಯ ಹೊತ್ತು ತೋಟದಿಂದ ತೋಟಕ್ಕೆ, ತೋಟದಿಂದ ಗದ್ದೆಗೆ ಸಾಗುತ್ತವೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಆದ್ದರಿಂದ ಅಂದು ಸಂಜೆ ತೋಟದ ಉಸ್ತುವಾರಿ ನೋಡುವ ರೈಟರನ್ನೋ ಮಾಲೀಕರನ್ನೋ ಕೇಳಿ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಎಚ್ಚರಿಕೆಯ ಸಂದೇಶಗಳನ್ನು ನೋಡಿ, ಆನೆ ಹತ್ತಿರದಲ್ಲಿದೆ ಎಂದು ತಿಳಿದರೆ ಮನೆಯ ಅಂಗಳದಲ್ಲೇ ಟ್ರೈಪಾಡ್ ನಿಲ್ಲಿಸಬೇಕು, ಇಲ್ಲವೇ ವಾಪಸು ಹೊರಡಬೇಕು. ಸ್ಥಳೀಯರೊಬ್ಬರು ಜೊತೆಯಲ್ಲಿಲ್ಲದೆ ಆ ಕಡೆ ಹೋಗಲೇಬಾರದು.

ದೀಪದಿಂದ ಬೇರೆ ಜೀವಿಗಳಿಗೂ ತೊಂದರೆಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಗಳಲ್ಲಿ ಬಂಡೆಗಳ ಮೇಲೆ ಕೃತಕ ಬೆಳಕು ಚೆಲ್ಲಿ ಚಿತ್ರ ತೆಗೆಯುವುದನ್ನೇ ನಿಷೇಧಿಸಿದ್ದಾರೆ. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ನಾವೂ ಅದೇ ಸಂಯಮ ಪಾಲಿಸುವುದು ಸರಿ. ಮುಂಗಾರು ಕಾಲಿಡುವ ಮುನ್ನ ಮರಗಳ ತುಂಬ ಮಿಂಚುಹುಳುಗಳು ಮಿನುಗುವ ರಾತ್ರಿಗಳಲ್ಲಂತೂ ಒಂದು ದೀಪವನ್ನೂ ಇಡಬಾರದು. ಅವು ಜೊತೆಗಾರರನ್ನು ಕರೆಯುವುದೇ ಆ ಬೆಳಕಿನಿಂದ, ನಮ್ಮ ದೀಪ ಎಷ್ಟೇ ಮಂದವಾಗಿದ್ದರೂ ಆ ಕರೆಯನ್ನು ಕೆಡಿಸುತ್ತದೆ. ಆಗ ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ ತೆಗೆದ ಹಲವು ಚಿತ್ರಗಳನ್ನು ಸೇರಿಸಿದರೆ ನೆಲದ ಬೆಳಕನ್ನು ಆ ಹುಳುಗಳೇ ಒದಗಿಸುತ್ತವೆ.

ಕ್ಯಾಮೆರಾದ ಹೊಂದಿಕೆ

14ರಿಂದ 24 ಮಿಲಿಮೀಟರಿನ ವೈಡ್ ಲೆನ್ಸು, ಎಫ್ 2.8 ಅಥವಾ ಅದಕ್ಕಿಂತ ಹೆಚ್ಚು ತೆರೆಯುವ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ), ಗಟ್ಟಿಯಾದ ಟ್ರೈಪಾಡ್ ಇದ್ದರೆ ಸಾಕು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಶಟರನ್ನು ಹೆಚ್ಚು ಹೊತ್ತು ತೆರೆದರೆ ಚುಕ್ಕಿಗಳು ಗೀಟಾಗುತ್ತವೆ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ ಬಂದಷ್ಟು ಸೆಕೆಂಡು ತೆರೆಯಬಹುದೆಂಬ ಹಳೆಯ ಲೆಕ್ಕ ಫಿಲ್ಮಿನ ಕಾಲಕ್ಕೆ ಸರಿಯಿತ್ತು. ಇಂದಿನ ಸೂಕ್ಷ್ಮ ಸೆನ್ಸರ್‌ಗಳಿಗೆ 500ರ ಬದಲು 300 ಇಟ್ಟುಕೊಳ್ಳುವುದು ಕ್ಷೇಮ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಮಿಲಿಮೀಟರ್ ಲೆನ್ಸಿಗೆ 15 ಸೆಕೆಂಡು, ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದೇ ಲೆನ್ಸಿಗೆ 10 ಸೆಕೆಂಡು. ಐಎಸ್‌ಒ 3200ರಿಂದ 6400 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸಬೇಕೆಂಬ ಅಳತೆ). ಕಡತ ರಾ ರೂಪದಲ್ಲಿಯೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿಯೇ ಇರಲಿ.

ಫೋಕಸನ್ನು ಕೈಯಿಂದಲೇ ಮಾಡಬೇಕು. ಲೈವ್ ವ್ಯೂನಲ್ಲಿ ಹೊಳೆಯುವ ನಕ್ಷತ್ರವೊಂದನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತ್ಯಂತ ಸಣ್ಣ ಚುಕ್ಕೆಯಾಗುವವರೆಗೆ ಉಂಗುರವನ್ನು ತಿರುಗಿಸಿ, ಬಳಿಕ ಉಂಗುರ ಜರುಗದಂತೆ ಟೇಪು ಹಚ್ಚಬೇಕು. ಮುನ್ನೆಲೆಯ ವಸ್ತು ಏಳೆಂಟು ಮೀಟರಿಗಿಂತ ದೂರವಿದ್ದರೆ ವೈಡ್ ಲೆನ್ಸಿನಲ್ಲಿ ಅದೂ ಸ್ಪಷ್ಟವಾಗಿರುತ್ತದೆ.

ಮೊಬೈಲಿನಲ್ಲಿ ತೆಗೆಯುವವರು ನಿರಾಶರಾಗಬೇಕಿಲ್ಲ. ಫೋನನ್ನು ಟ್ರೈಪಾಡಿಗೆ ಕಚ್ಚಿಸಿ ನೈಟ್ ಮೋಡಿನಲ್ಲಿ ಟೈಮರ್ ಇಟ್ಟರೆ ದೀಪದ ಈ ವಿಧಾನ ಅಲ್ಲಿಯೂ ಕೆಲಸ ಮಾಡುತ್ತದೆ, ಏಕೆಂದರೆ ಫೋನು ಸೇರಿಸುವ ಹಲವು ಚಿತ್ರಗಳಲ್ಲೂ ಬೆಳಕು ಒಂದೇ ಸಮನಾಗಿರುತ್ತದೆ.

ಸ್ಥಳದಲ್ಲಿ ಕೆಲಸದ ಕ್ರಮ

ಬೆಳಕಿರುವಾಗಲೇ ಹೋಗಿ ದೀಪ ಇಡುವ ಜಾಗ, ನಡೆಯುವ ದಾರಿ, ಬಾವಿ, ಹಳ್ಳ, ತಂತಿಬೇಲಿ ಇವನ್ನೆಲ್ಲ ನೋಡಿಕೊಳ್ಳಬೇಕು. ಕತ್ತಲಾದ ಮೇಲೆ ಮೊದಲು ದೀಪವಿಲ್ಲದೆ ಒಂದು ಚಿತ್ರ ತೆಗೆದು ಆಕಾಶಕ್ಕೆ ಬೇಕಾದ ಎಕ್ಸ್‌ಪೋಷರನ್ನು ನಿರ್ಧರಿಸಿ, ಆಮೇಲೆ ಅದನ್ನು ಮುಟ್ಟಬಾರದು. ಇನ್ನು ಹೊಂದಿಸುವುದೆಲ್ಲ ದೀಪವನ್ನು. ನೆಲ ಹೆಚ್ಚು ಬೆಳಗಿದರೆ ಐಎಸ್‌ಒ ಇಳಿಸುವ ಬದಲು ದೀಪವನ್ನು ಹಿಂದಕ್ಕೆ ಒಯ್ಯಬೇಕು ಅಥವಾ ಇನ್ನೊಂದು ಪದರ ಕಾಗದ ಸುತ್ತಬೇಕು. ದೀಪದ ಬಳಿ ಒಬ್ಬರು, ಕ್ಯಾಮೆರಾದ ಬಳಿ ಒಬ್ಬರು ಇದ್ದರೆ ಇದು ಬೇಗ ಮುಗಿಯುತ್ತದೆ. ಪರೀಕ್ಷೆಯ ಚಿತ್ರಗಳಿಗೆ ಐಎಸ್‌ಒ ನಾಲ್ಕು ಪಟ್ಟು ಏರಿಸಿ ಸಮಯವನ್ನು ಕಾಲು ಭಾಗಕ್ಕೆ ಇಳಿಸಿದರೆ 15 ಸೆಕೆಂಡು ಕಾಯುವ ಬದಲು ನಾಲ್ಕೇ ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ.

ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹಾಗೆ ಒಗ್ಗಿದ ಕಣ್ಣಿಗೆ ವಸ್ತುವಿನ ಮೇಲೆ ಬೆಳಕು ಇದೆಯೋ ಇಲ್ಲವೋ ಎಂಬ ಅನುಮಾನ ಬರುವಂತಿದ್ದರೆ ದೀಪ ಸರಿಯಾಗಿದೆ ಎಂದು ತಿಳಿಯಬಹುದು. ನೆಲದ ಮೇಲೆ ನಮ್ಮದೇ ನೆರಳು ಎದ್ದು ಕಂಡರೆ ಬೆಳಕು ಹೆಚ್ಚಾಗಿದೆ. ಕ್ಯಾಮೆರಾದ ಪರದೆಯ ಹೊಳಪನ್ನು ಕಡಿಮೆ ಮಾಡಿರಬೇಕು, ಏಕೆಂದರೆ ಕತ್ತಲಲ್ಲಿ ಅದು ಪ್ರತಿ ಚಿತ್ರವನ್ನೂ ಇರುವುದಕ್ಕಿಂತ ಬೆಳ್ಳಗೆ ತೋರಿಸುತ್ತದೆ. ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮಿನ ದಿಬ್ಬ ಎಡದಿಂದ ಮೂರನೇ ಒಂದು ಭಾಗದ ಹತ್ತಿರ ಇದೆಯೇ ಎಂದು ನೋಡುವುದು ಹೆಚ್ಚು ನಂಬಿಕೆಗೆ ತಕ್ಕದ್ದು. ನಡುವೆ ದಾರಿಯಲ್ಲಿ ವಾಹನ ಬಂದರೆ ಶಟರ್ ಮುಚ್ಚಬೇಕಿಲ್ಲ. ಲೆನ್ಸಿನ ಮುಂದೆ, ಅದಕ್ಕೆ ತಾಗದಂತೆ, ಕಪ್ಪು ಬಟ್ಟೆ ಹಿಡಿದು ವಾಹನ ದಾಟಿದ ಮೇಲೆ ತೆಗೆದರೆ ಚಿತ್ರ ಉಳಿಯುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಲೆನ್ಸ್ ಹೀಟರ್ ಪಟ್ಟಿ ಇದಕ್ಕೆ ಒಳ್ಳೆಯ ಉಪಾಯ. ಅದಿಲ್ಲದಿದ್ದರೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಲೆನ್ಸನ್ನು ನೋಡಿ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಬೇಕು.

ಎಲ್ಲ ಹೊಂದಿದ ಮೇಲೆ ಒಂದೇ ಚೌಕಟ್ಟನ್ನು ಒಂಬತ್ತು ಹತ್ತು ಸಲ ತೆಗೆಯುವುದು ಒಳಿತು. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು) ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ನೆಲದ ಭಾಗವನ್ನು ಹಾಗೆಯೇ, ಆಕಾಶದ ಭಾಗವನ್ನು ನಕ್ಷತ್ರಗಳಿಗೆ ಹೊಂದಿಸಿ ಬೇರೆ ಬೇರೆಯಾಗಿ ಸೇರಿಸಬೇಕಾಗುತ್ತದೆ, ಸೀಕ್ವೇಟರ್‌ನಂಥ ಉಚಿತ ತಂತ್ರಾಂಶ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಅಲ್ಲಿ ನೆಲದ ನೆರಳುಗಳನ್ನು ಎತ್ತುವ ಆಸೆಯನ್ನು ತಡೆದುಕೊಳ್ಳಬೇಕು. ಚಿತ್ರವನ್ನು ಅಂಗೈಯಷ್ಟು ಚಿಕ್ಕದು ಮಾಡಿ ನೋಡಿದಾಗ ಕಣ್ಣು ಮೊದಲು ಗೋಡೆಗೋ ಮರಕ್ಕೋ ಹೋದರೆ ನೆಲವನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಇಳಿಸಿ ಮತ್ತೆ ನೋಡಿ. ಇಳಿಸಿದ ಮೇಲೂ ಇಟ್ಟಿಗೆಯ ಅಂಚು, ಎಲೆಯ ಮಗ್ಗುಲು ತಿಳಿಯುತ್ತಿದ್ದರೆ ಅಷ್ಟಕ್ಕೇ ಬಿಡಬೇಕು.